ಮನೆಯಲ್ಲಿ ಉಳಿದ ಮಗ: ಒಂದು ಆರೈಕೆಯ ಪ್ರಕರಣ

ಹಾಸಿಗೆ ಹಿಡಿದವರ, ವಯಸ್ಸಾದವರ ಮನೆಗಳಿಗೆ ಹೋಗಿ ನೋಡುವ ನರ್ಸ್ ನಾನು. ಕೆಲಸ ಮಲೆನಾಡಿನ ಒಂದು ತಾಲೂಕಿನಲ್ಲಿ. ಇಲ್ಲಿ ಬರೆಯುತ್ತಿರುವುದು ಮರೆವಿನ ಕಾಯಿಲೆಯ ತಾಯಿಯನ್ನು ಮಗನೊಬ್ಬನೇ ನೋಡಿಕೊಳ್ಳುತ್ತಿದ್ದ ಒಂದು ಮನೆಯ ವಿಷಯ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಕಸುಬು, ಗುರುತು ಸಿಗುವಂಥ ಇನ್ನೂ ಕೆಲವು ಸಂಗತಿಗಳನ್ನು ಬದಲಾಯಿಸಿದ್ದೇನೆ. ಮಗನನ್ನು ಮಂಜಣ್ಣ ಅಂತ ಕರೆಯುತ್ತೇನೆ. ತಾಯಿಯನ್ನು ನಾನು ಅಲ್ಲಿ ಕರೆಯುತ್ತಿದ್ದ ಹಾಗೆ ಅಜ್ಜಿ ಅಂತಲೇ ಬರೆಯುತ್ತೇನೆ.

ನಾನು ಇದನ್ನು ಬರೆಯಲು ಒಂದು ಕಾರಣವಿದೆ. ಈ ಮನೆಯಲ್ಲಿ ನಾನು ಕೊಟ್ಟ ಒಂದು ಸಲಹೆ ತಪ್ಪಾಯಿತು. ಅದರಿಂದ ಅಜ್ಜಿಗೂ ಕಷ್ಟವಾಯಿತು, ಮಂಜಣ್ಣನಿಗೂ ಕಷ್ಟವಾಯಿತು. ಅದೇ ಸಲಹೆಯನ್ನು ಈಗಲೂ ಎಷ್ಟೋ ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿದ್ದಾರೆ.

ಹಿನ್ನೆಲೆ

ಮಂಜಣ್ಣನಿಗೆ 48. ಮದುವೆ ಆಗಿಲ್ಲ. ಪೇಟೆಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಹುಬ್ಬಳ್ಳಿಯಲ್ಲಿ. ತಂದೆ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಅವರ ಕುಟುಂಬ ಪಿಂಚಣಿ ಅಜ್ಜಿಗೆ ಬರುತ್ತದೆ. ಅಜ್ಜಿಗೆ 78.

ಮರೆವು ಶುರುವಾದದ್ದು ಅಡುಗೆಮನೆಯಲ್ಲಿ. ಸಾರಿಗೆ ಎರಡೆರಡು ಸಲ ಉಪ್ಪು. ಹಾಲು ಒಲೆ ಮೇಲಿಟ್ಟು ತೋಟದ ಕಡೆ ಹೋಗಿಬಿಡುವುದು. 'ವಯಸ್ಸಾಯ್ತಲ್ಲ' ಅಂತ ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಜಿಲ್ಲಾ ಕೇಂದ್ರದ ನರರೋಗ ತಜ್ಞರ ಹತ್ತಿರ ತೋರಿಸಿದಾಗ ಆಲ್ಝೈಮರ್ಸ್ ಅಂತ ಗೊತ್ತಾಯಿತು. ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟರು. ಈ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತದೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ತಾಯಿ ಇನ್ನಷ್ಟು ಮರೆತಾಗಲೆಲ್ಲ ಮಂಜಣ್ಣ ತಾನೇ ಎಲ್ಲೋ ಮಾತ್ರೆ ತಪ್ಪಿಸಿದೆ ಅಂದುಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಬಂದ ಅಂದಾಜು. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ಹೀಗೆ ತಮ್ಮನ್ನೇ ತಾವು ದೂರಿಕೊಳ್ಳುತ್ತಿರುತ್ತಾರೆ ಅನ್ನಿಸುತ್ತದೆ.

ತಾಯಿಯನ್ನು ಯಾರು ನೋಡಿಕೊಳ್ಳಬೇಕು ಅಂತ ಮೂವರೂ ಕೂತು ತೀರ್ಮಾನಿಸಿದ್ದೇ ಇಲ್ಲ. 'ನಿನಗೇನು ಹೆಂಡತಿಯಾ, ಮಕ್ಕಳಾ? ನೀನೇ ಇದ್ದೀಯಲ್ಲ' ಅಂತ ಅಕ್ಕ ಒಂದು ಸಲ ಫೋನಿನಲ್ಲಿ ಅಂದಿದ್ದರಂತೆ. ಸಿಟ್ಟಿನಿಂದ ಅಂದದ್ದಲ್ಲ. ಆದರೆ ಅಲ್ಲಿಗೆ ವಿಷಯ ಮುಗಿಯಿತು. ಮದುವೆಯಾಗದೆ ಮನೆಯಲ್ಲಿ ಉಳಿದವರ ಸಮಯಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲ. ಇದು ನನಗೆ ಬೇಜಾರು ತರಿಸುವ ಸಂಗತಿ.

ನಾನು ನೋಡಿದಾಗ ಇದ್ದ ಪರಿಸ್ಥಿತಿ

ನಾನು ಮೊದಲ ಸಲ ಹೋದದ್ದು ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು. ಅಜ್ಜಿ ಬಚ್ಚಲಲ್ಲಿ ಜಾರಿ ಮೊಣಕೈ ತರಚಿಕೊಂಡಿದ್ದರು. ಗಾಯ ದೊಡ್ಡದಲ್ಲ. ನನಗೆ ಗಾಬರಿಯಾದದ್ದು ಮಗನನ್ನು ನೋಡಿ. ನಾನು ಬ್ಯಾಂಡೇಜ್ ಸುತ್ತುತ್ತಿದ್ದಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡು, ತಟ್ಟೆ ಕೈಯಲ್ಲಿ ಹಿಡಿದು, ಮಜ್ಜಿಗೆ ಅನ್ನ ಗಬಗಬ ತಿನ್ನುತ್ತಿದ್ದರು. ಗಂಟೆ ಮಧ್ಯಾಹ್ನ ಮೂರೂವರೆ.

'ಕೂತು ಊಟ ಮಾಡಿ ಮಂಜಣ್ಣ, ನಾನಿದ್ದೀನಲ್ಲ' ಅಂದೆ.

'ಕೂತರೆ ಅಮ್ಮ ಎದ್ದು ಹೊರಟುಬಿಡ್ತಾಳೆ ಸಿಸ್ಟರ್. ಹೀಗೇ ಅಭ್ಯಾಸ ಆಗಿದೆ.'

ಅವರ ಬಿಪಿ ನೋಡಿದೆ. 170ಕ್ಕೆ 104. ಅವರ ಮಾತ್ರೆ ಮುಗಿದು ಎರಡು ತಿಂಗಳಾಗಿತ್ತು. ಅಮ್ಮನ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಅಂಗಡಿ ಮುಚ್ಚಿ ಐದು ತಿಂಗಳು. ಅದಕ್ಕೆ ಮೊದಲು ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೋಗುತ್ತಿದ್ದರು. ಒಂದು ದಿನ ಬಂದು ನೋಡಿದರೆ ಮನೆ ತುಂಬ ಹೊಗೆ, ಪಾತ್ರೆ ಸೀದು ಕರಕಲಾಗಿದೆ, ಅಜ್ಜಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾರೆ. ಮಾರನೇ ದಿನದಿಂದ ಅಂಗಡಿಯ ಶಟರ್ ಎತ್ತಲಿಲ್ಲ.

ಸಂಜೆ ಐದರ ಹೊತ್ತಿಗೆ ಅಜ್ಜಿಗೆ ಚಡಪಡಿಕೆ ಶುರು. 'ದನ ಬಂತಾ? ಕಟ್ಟಬೇಕು, ಹೊತ್ತಾಯ್ತು' ಅಂತ ಗೇಟಿನ ಹತ್ತಿರ ಹೋಗುತ್ತಿದ್ದರು. ಆ ಮನೆಯಲ್ಲಿ ದನ ಇಲ್ಲದೆ ಇಪ್ಪತ್ತು ವರ್ಷವಾಗಿದೆ. 'ಎಲ್ಲಿ ದನ ಅಮ್ಮಾ? ಮಾರಿ ಆಗಿದೆಯಲ್ಲ' ಅಂತ ಮಗ ದಿನಾ ಹೇಳುವುದು, ಅವರು ದಿನಾ ಹೊಸದಾಗಿ ಕೇಳಿದ ಹಾಗೆ ಅಳುವುದು. ಸಂಜೆ ಹೊತ್ತು ಹೀಗೆ ಗೊಂದಲ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ವಾದ ಮಾಡಬೇಡಿ ಅಂತ ಅವತ್ತೇ ಹೇಳಿದೆ. ಅವರು ತಕ್ಷಣ ಕಲಿತರು. 'ಕಟ್ಟಿದೆ ಅಮ್ಮಾ, ಹುಲ್ಲೂ ಹಾಕಿದೆ' ಅನ್ನುವುದು, ಅಂಗಳಕ್ಕೆ ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ಸುತ್ತು ಹಾಕಿಸಿ ಬರುವುದು. ನಾನು ಕೊಟ್ಟ ಸಲಹೆಗಳಲ್ಲಿ ಮೊದಲ ಸಲಕ್ಕೇ ಫಲ ಕೊಟ್ಟದ್ದು ಅದೊಂದೇ.

ಬಹಳ ಕಷ್ಟದ ವಿಷಯ ಸ್ನಾನ. ಮಗ ತಾಯಿಗೆ ಸ್ನಾನ ಮಾಡಿಸಬೇಕು. ಅಜ್ಜಿಗೆ ಕೆಲವು ದಿನ ಇವನು ಮಗ ಅಂತ ಗೊತ್ತು, ಕೆಲವು ದಿನ ಯಾರೋ ಗಂಡಸು. ಸೀರೆಗೆ ಕೈ ಹಾಕಿದರೆ ಕೂಗಿಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು ನಿಂತು ನೋಡುತ್ತಿದ್ದರು. ಮಂಜಣ್ಣ ಕಣ್ಣು ಬೇರೆ ಕಡೆ ಮಾಡಿಕೊಂಡು ನೀರು ಹೊಯ್ಯುತ್ತಿದ್ದರು. ಈ ವಿಷಯ ಅವರು ನನಗೆ ಹೇಳಿದ್ದೇ ನಾಲ್ಕನೇ ಭೇಟಿಯಲ್ಲಿ, ಅದೂ ನೆಲ ನೋಡಿಕೊಂಡು. ಅಣ್ಣನಿಗೆ, ಅಕ್ಕನಿಗೆ ಹೇಳಿಯೇ ಇರಲಿಲ್ಲ.

ಆರೈಕೆ ಮಾಡುವವರ ಹೊರೆ ಅಳೆಯಲು ಜ್ಯಾರಿಟ್ ಅಂತ ಒಂದು ಪ್ರಶ್ನಾವಳಿ ಇದೆ. 22 ಪ್ರಶ್ನೆ, ಪೂರ್ತಿ ಅಂಕ 88. ಅಂಕ 60 ದಾಟಿದರೆ ಹೊರೆ ತೀರಾ ಜಾಸ್ತಿ ಅಂತ ಅರ್ಥ. ಮಂಜಣ್ಣನದು 67 ಬಂತು.

ಮಾಡಿ ನೋಡಿದ್ದು, ಕೆಟ್ಟದ್ದು

'ನಿಮ್ಮ ಆರೋಗ್ಯಾನೂ ನೋಡಿಕೊಳ್ಳಿ' ಅಂತ ಹೇಳಿದೆ. ಎಲ್ಲರೂ ಹೇಳುವ ಮಾತು. ಅದರಿಂದ ಏನೂ ಆಗಲಿಲ್ಲ. ಯಾವ ಹೊತ್ತಿನಲ್ಲಿ ನೋಡಿಕೊಳ್ಳಬೇಕು ಹೇಳಿ?

ಮನೆಯವರ ವಾಟ್ಸಾಪ್ ಗುಂಪಿಗೆ 'ಅಮ್ಮನಿಗೆ ಜಾಸ್ತಿಯಾಗಿದೆ, ನನಗೂ ಆಗುತ್ತಿಲ್ಲ' ಅಂತ ಹಾಕಲು ಹೇಳಿದೆ. ಹಾಕಿದರು. ಕೈ ಮುಗಿದ ಚಿತ್ರ ಬಂತು. 'ಜೋಪಾನವಾಗಿ ನೋಡ್ಕೋ, ದೇವರಿದ್ದಾನೆ' ಅಂತ ಬಂತು.

ಆಮೇಲೆ ಅಣ್ಣನ ಜೊತೆ ನಾನೇ ಫೋನಿನಲ್ಲಿ ಮಾತಾಡಿದೆ. ಮೂವರು ಮಕ್ಕಳು, ಮೂರು ಮೂರು ತಿಂಗಳು ಪಾಳಿ ಮಾಡಿಕೊಳ್ಳಿ ಅಂದೆ. ನ್ಯಾಯವಾಗಿ ಕಾಣುವ ಮಾತು ಅಲ್ವಾ? ನಮ್ಮ ಊರುಗಳಲ್ಲಿ ತಂದೆತಾಯಿ ವಿಷಯಕ್ಕೆ ಜಗಳ ಬಂದರೆ ಹಿರಿಯರು ಕೂತು ಹೇಳುವುದೂ ಇದನ್ನೇ. ಅಣ್ಣ ಒಪ್ಪಿಕೊಂಡರು. ಬಂದು ಕಾರಿನಲ್ಲಿ ಕರೆದುಕೊಂಡು ಹೋದರು.

ಇದೇ ನಾನು ಮಾಡಿದ ತಪ್ಪು. ಮರೆವಿನ ಕಾಯಿಲೆ ಇರುವವರಿಗೆ ಮನೆಯೇ ಅರ್ಧ ನೆನಪು. ಬಚ್ಚಲು ಯಾವ ಕಡೆ, ದೇವರ ಕೋಣೆ ಎಲ್ಲಿ, ಮೆಟ್ಟಿಲು ಎಷ್ಟು ಅನ್ನುವುದು ತಲೆಗೆ ಮರೆತರೂ ಕಾಲಿಗೆ ನೆನಪಿರುತ್ತದೆ. ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಅಜ್ಜಿಗೆ ಆ ಆಸರೆಯೂ ಹೋಯಿತು. ರಾತ್ರಿ ಬಚ್ಚಲು ಸಿಗದೆ ಹಾಲ್‌ನಲ್ಲೇ ಮಾಡಿಕೊಂಡರು. ಅತ್ತಿಗೆ ಕೆಲಸಕ್ಕೆ ಹೋಗುವವರು, ಮಗುವಿಗೆ ಪರೀಕ್ಷೆ. ಎರಡನೇ ವಾರ ಅಜ್ಜಿ ಬಾಗಿಲು ತೆಗೆದು ಇಳಿದು ಹೋಗಿದ್ದಾರೆ. ಒಂದೂವರೆ ತಾಸಿನ ಮೇಲೆ ಎರಡು ಬೀದಿ ಆಚೆ ಹೂ ಮಾರುವ ಹೆಂಗಸಿನ ಪಕ್ಕ ಕೂತಿದ್ದರು. ಆ ಹೆಂಗಸು ಅವರನ್ನು ಕೂರಿಸಿ, ನೀರು ಕೊಟ್ಟು, ಎಲ್ಲೂ ಹೋಗದ ಹಾಗೆ ನೋಡಿಕೊಂಡಿದ್ದರು. ಹತ್ತೊಂಬತ್ತನೇ ದಿನಕ್ಕೆ ಅಜ್ಜಿ ಊರಿಗೆ ವಾಪಸ್. ಹೋಗುವಾಗ ಮಾತಾಡುತ್ತಿದ್ದವರು ಬರುವಾಗ ಗೊಣಗುತ್ತಿದ್ದರು ಅಷ್ಟೇ. ಅಣ್ಣನೂ ಸೋತು ಹೋಗಿದ್ದರು. 'ನನ್ನ ಕೈಲಿ ಆಗಲ್ಲ' ಅಂತ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆ ರಾತ್ರಿ

ವಾಪಸ್ ಬಂದ ನಾಲ್ಕನೇ ದಿನ ಮಂಜಣ್ಣ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. ಎರಡು ರಾತ್ರಿಯಿಂದ ಅಜ್ಜಿ ಒಂದು ನಿಮಿಷ ಮಲಗಿಲ್ಲ. ಗೋಡೆಗೆ ಬಡಿಯುತ್ತಾರೆ, ಬಟ್ಟೆ ಕಿತ್ತು ಹಾಕುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಿಸ್ಟರ್, ನಾನು ಅಮ್ಮನಿಗೆ ಹೊಡೆದೆ' ಅಂದರು. ಕೈಗೆ ಹೊಡೆದಿದ್ದರು. ಐದು ಬೆರಳಿನ ಗುರುತು ನಾನು ಹೋದಾಗಲೂ ಇತ್ತು. ಹೊಡೆದ ಮೇಲೆ ಹೊರಗಡೆ ಕಟ್ಟೆ ಮೇಲೆ ಕೂತು ಬೆಳಗಿನವರೆಗೂ ಅತ್ತಿದ್ದರು. ಅಜ್ಜಿಗೆ ಅದು ನೆನಪೇ ಇಲ್ಲ, ಅವರನ್ನೇ 'ಯಾಕಪ್ಪಾ ಅಳ್ತೀಯ' ಅಂತ ಕೇಳಿದ್ದರಂತೆ.

ಹೊಡೆದದ್ದು ತಪ್ಪು. ಅವರಿಗೂ ಗೊತ್ತು, ನಾನೂ ಹಾಗಂತಲೇ ಹೇಳಿದೆ. ಆದರೆ ಬೈಯಲಿಲ್ಲ. ಬೈದಿದ್ದರೆ ಮುಂದಿನ ಸಲ ನನಗೆ ಹೇಳುತ್ತಿರಲಿಲ್ಲ. ಆವತ್ತು ಎರಡು ಕೆಲಸ ಮಾಡಿದೆವು.

ಒಂದು, ಅಜ್ಜಿಯ ಮೂತ್ರ ಪರೀಕ್ಷೆ. ಡಿಮೆನ್ಷಿಯಾ ನಿಧಾನವಾಗಿ ಹೆಚ್ಚುವ ಕಾಯಿಲೆ. ಒಂದೆರಡು ದಿನದಲ್ಲಿ ಹೀಗೆ ಏಕಾಏಕಿ ತಿರುಗಿಬಿದ್ದರೆ ಬೇರೆ ಏನೋ ಇರುತ್ತದೆ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ. ಅವರಿಗೆ ಹೇಳಿಕೊಳ್ಳಲು ಬರುವುದಿಲ್ಲ. ಪರೀಕ್ಷೆಯಲ್ಲಿ ಸೋಂಕು ಬಂತು. ವೈದ್ಯರು ಆ್ಯಂಟಿಬಯಾಟಿಕ್ ಕೊಟ್ಟ ನಾಲ್ಕನೇ ದಿನಕ್ಕೆ ಅಜ್ಜಿ ರಾತ್ರಿ ನಾಲ್ಕು ತಾಸು ಮಲಗಿದರು.

ಎರಡನೆಯದು, ಮಂಜಣ್ಣನಿಂದ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆ. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಅಂಗಳಕ್ಕೆ ಹೋಗಿ ನಿಂತೆ. ನಲವತ್ತು ನಿಮಿಷ ಮಾತಾಡಿದರು. ಫೋನ್ ಇಟ್ಟ ಮೇಲೆ, 'ಇಷ್ಟು ಹೊತ್ತು ನನ್ನ ಬಗ್ಗೆ ಯಾರೂ ಕೇಳಿರಲಿಲ್ಲ' ಅಂದರು. ಆಮೇಲೆಯೂ ಆಗಾಗ ಅವರಾಗಿಯೇ ಮಾಡುತ್ತಿದ್ದರು.

ಝೆರಾಕ್ಸ್ ಅಂಗಡಿಯ ನೋಟ್‌ಬುಕ್

ನಿಜವಾದ ತಿರುವು ಸಿಕ್ಕಿದ್ದು ಮುಂದಿನ ವಾರ. ಅಂಗಡಿಯ ಲೆಕ್ಕದ ನೋಟ್‌ಬುಕ್ ಖಾಲಿ ಬಿದ್ದಿತ್ತು. 'ಒಂದು ದಿನ ಪೂರ್ತಿ ಬರೆಯಿರಿ ಮಂಜಣ್ಣ. ಎಷ್ಟು ಗಂಟೆಗೆ ಏನು ಮಾಡಿದಿರಿ, ಅಷ್ಟೇ' ಅಂದೆ. ಅವರು ಅಂಗಡಿ ಲೆಕ್ಕ ಬರೆಯುವ ಹಾಗೆ ಬರೆದಿದ್ದರು. ಒಂದಷ್ಟು ಸಾಲು ಹೀಗಿವೆ.

'4.10 ಅಮ್ಮ ಎದ್ದಳು. ಹಾಸಿಗೆ ಒದ್ದೆ. 4.40 ಹಾಸಿಗೆ ಬದಲು. 5.30 ಹಂಡೆ ಒಲೆಗೆ ಬೆಂಕಿ. 6.15 ಹಲ್ಲು ಉಜ್ಜಿಸಿದ್ದು, ಪೇಸ್ಟ್ ನುಂಗಿದಳು. 7.00 ಗಂಜಿ, ಮುಕ್ಕಾಲು ಗಂಟೆ. 8.20 ಸ್ನಾನ ಆಗಲಿಲ್ಲ. 9.30 ಸ್ನಾನ ಆಗಲಿಲ್ಲ. 11.00 ಸ್ನಾನ ಆಯ್ತು.'

ಹೀಗೆ ಎರಡು ಪುಟ. ಕೊನೆಯ ಸಾಲು: '11.50 ಮಲಗಿದಳು. 1.20 ಎದ್ದಳು.'

ಆ ಎರಡು ಪುಟದ ಫೋಟೋ ತೆಗೆದು ಅಣ್ಣನಿಗೂ ಅಕ್ಕನಿಗೂ ಕಳಿಸಿದರು. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಅವತ್ತು ರಾತ್ರಿ ಅಕ್ಕ ಫೋನ್ ಮಾಡಿದರು. 'ಸ್ನಾನ ನೀನೇ ಮಾಡಿಸ್ತೀಯೇನೋ?' ಅಂತ ಕೇಳಿ ಆ ಕಡೆ ಮಾತೇ ನಿಂತುಹೋಯಿತಂತೆ. ನಾಲ್ಕು ವರ್ಷದಲ್ಲಿ ಅವರಿಗೆ ಅದು ಹೊಳೆದೇ ಇರಲಿಲ್ಲ. ಮಂಜಣ್ಣ ಅಮ್ಮನನ್ನು ನೋಡಿಕೊಳ್ಳುತ್ತಾನೆ ಅಂದರೆ ಅನ್ನ ಹಾಕುತ್ತಾನೆ, ಔಷಧಿ ಕೊಡುತ್ತಾನೆ ಅಂತಷ್ಟೇ ಅಂದುಕೊಂಡಿದ್ದರು.

ಅದಾದ ಮೇಲೆ 'ಸಹಾಯ ಮಾಡಿ' ಅಂತ ಕೇಳುವುದನ್ನು ಬಿಟ್ಟೆವು. ಆ ಪುಟ ಮುಂದಿಟ್ಟುಕೊಂಡು ಯಾವ ಸಾಲು ಯಾರದ್ದು ಅಂತ ಮಾತಾಡಿದೆವು. ಅಣ್ಣನಿಗೆ ಊರಿನಲ್ಲಿ ಬಂದು ಇರಲು ಆಗುವುದಿಲ್ಲ. ಆದರೆ ಡೈಪರ್ ತರಿಸುವುದು, ತಜ್ಞರ ಅಪಾಯಿಂಟ್‌ಮೆಂಟ್, ಪಿಂಚಣಿ ಮತ್ತು ಬ್ಯಾಂಕಿನ ಓಡಾಟ ಬೆಂಗಳೂರಿನಿಂದಲೇ ಆಗುವ ಕೆಲಸಗಳು. ನವೆಂಬರಿನ ಜೀವನ ಪ್ರಮಾಣಪತ್ರಕ್ಕೆ ಮಂಜಣ್ಣ ಪ್ರತಿ ವರ್ಷ ಅಜ್ಜಿಯನ್ನು ಆಟೋದಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಡು ಪಡುತ್ತಿದ್ದರು. 70 ದಾಟಿದವರಿಗೆ ಮನೆಬಾಗಿಲಿಗೇ ಬಂದು ಇಂಥ ಕೆಲಸ ಮಾಡಿಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅಣ್ಣ ಬ್ಯಾಂಕಿನವರ ಹತ್ತಿರ ನಾಲ್ಕು ಸಲ ಮಾತಾಡಿದ ಮೇಲೆ ಒಬ್ಬರು ಮನೆಗೇ ಬಂದರು. ಬೆಳಗಿನ ನಾಲ್ಕು ತಾಸಿಗೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳುವುದು, ತಿಂಗಳಿಗೆ 7,000 ರೂಪಾಯಿ ಅಣ್ಣ ಕೊಡುವುದು ಅಂತಾಯಿತು. ಅಕ್ಕ ವರ್ಷಕ್ಕೆ ನಾಲ್ಕು ಸಲ, ಹತ್ತು ಹತ್ತು ದಿನ ಊರಿಗೆ ಬರುವುದು. ಅಜ್ಜಿ ಎಲ್ಲೂ ಹೋಗುವುದಿಲ್ಲ. ಪಾಳಿ ಇದೆ, ಆದರೆ ಮಕ್ಕಳು ಬರುತ್ತಾರೆ, ತಾಯಿ ಓಡಾಡುವುದಿಲ್ಲ.

ಇದೇ ಹೊತ್ತಿನಲ್ಲಿ ಮಂಜಣ್ಣನ ಸ್ನೇಹಿತರೊಬ್ಬರು, ಅಣ್ಣನ ಮೇಲೆ ಕೇಸ್ ಹಾಕು ಅಂದಿದ್ದರು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಅರ್ಜಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗುತ್ತದೆ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಮಂಜಣ್ಣ ಅರ್ಜಿ ಸಿದ್ಧ ಮಾಡಿ ಮನೆಯಲ್ಲಿ ಇಟ್ಟುಕೊಂಡಿದ್ದರು. ನನ್ನನ್ನೂ ಕೇಳಿದರು. ನಾನು ಕಂಡ ಒಂದೆರಡು ಮನೆಗಳಲ್ಲಿ ಕಾಯ್ದೆಗೆ ಹೋಗದೆ ಬೇರೆ ದಾರಿ ಇರಲಿಲ್ಲ, ಹೋದದ್ದೇ ಸರಿಯಾಯಿತು. ಇಲ್ಲಿ ಅಣ್ಣ ಆಗಲೇ ಎರಡು ತಿಂಗಳ ದುಡ್ಡು ಹಾಕಿದ್ದರು. ಕಾಯ್ದೆಯಿಂದ ದುಡ್ಡು ಬರಬಹುದು, ಬ್ಯಾಂಕಿಗೆ ನಾಲ್ಕು ಸಲ ಫೋನ್ ಮಾಡುವ ಅಣ್ಣ ಸಿಗುವುದಿಲ್ಲ ಅಂದೆ. ತೀರ್ಮಾನ ಅವರದ್ದೇ. ಅರ್ಜಿ ಇನ್ನೂ ಬೀರುವಿನಲ್ಲಿದೆ.

ಬಿಟ್ಟುಕೊಡಲು ಆಗದ್ದು

ಬೆಳಗಿನ ಕೆಲಸಕ್ಕೆ ಬಂದವರನ್ನು ಲಲಿತಕ್ಕ ಅನ್ನುತ್ತೇನೆ. ಒಂದು ವಾರಕ್ಕೆ ಮಂಜಣ್ಣ ಅವರನ್ನು ಬರಬೇಡಿ ಅಂದುಬಿಟ್ಟರು. ಅನ್ನ ಸರಿಯಾಗಿ ಹಿಸುಕುವುದಿಲ್ಲ, ಅಮ್ಮನ ಹತ್ತಿರ ಜೋರಾಗಿ ಮಾತಾಡುತ್ತಾರೆ ಅಂತ ಕಾರಣ. ನನಗೆ ಆವತ್ತು ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ. ನಾಲ್ಕು ವರ್ಷ ಒಬ್ಬರೇ ಮಾಡಿದವರಿಗೆ ತಾನು ಮಾಡಿದ ಹಾಗೆ ಯಾರೂ ಮಾಡಲಾರರು ಅನ್ನಿಸುತ್ತದೆ. ಅದು ನಿಜವೂ ಹೌದು. ಆದರೆ ಆ ನಂಬಿಕೆಯಿಂದಲೇ ಇನ್ನೊಬ್ಬರು ಒಳಗೆ ಬರದ ಹಾಗೆ ಆಗುತ್ತದೆ. ಅಣ್ಣ, ಅಕ್ಕ ದೂರ ಉಳಿದದ್ದು ಎಷ್ಟು ನಿಜವೋ, ಸ್ನಾನದ ವಿಷಯ ಇವರು ಹೇಳದೇ ಮುಚ್ಚಿಟ್ಟುಕೊಂಡದ್ದೂ ಅಷ್ಟೇ ನಿಜ.

ಲಲಿತಕ್ಕನನ್ನು ಮತ್ತೆ ಕರೆಸಿದೆವು. ಈ ಸಲ ಒಂದೇ ಕರಾರು: ಅವರು ಇರುವ ನಾಲ್ಕು ತಾಸು ಮಂಜಣ್ಣ ಮನೆಯಲ್ಲಿ ಇರಬಾರದು. ಅಂಗಡಿ ತೆಗೆಯಲಿ, ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಕೂತಿರಲಿ. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದರು. ಗೇಟಿನಲ್ಲೇ ಲಲಿತಕ್ಕ, 'ಹೋಗ್ರೀ ಅಣ್ಣಾ, ಇನ್ನೂ ಹೊತ್ತಾಗಿಲ್ಲ' ಅಂತ ಕಳಿಸಿದರಂತೆ.

ಸ್ನಾನದ ಸಮಸ್ಯೆ ಲಲಿತಕ್ಕನೇ ಬಿಡಿಸಿದರು. ನನಗೂ ಹೊಳೆಯದ ದಾರಿ. ಸೀರೆ ಬಿಚ್ಚುವುದೇ ಅಜ್ಜಿಗೆ ಭಯ ಅಂತ ಅವರಿಗೆ ಗೊತ್ತಾಯಿತು. ಮುಂದೆ ಗುಂಡಿ ಇರುವ ಎರಡು ಹತ್ತಿ ನೈಟಿ ತಂದರು. ಮೊದಲು ಕೈಗೆ, ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುವುದು. 'ಎಣ್ಣೆ ಹಚ್ಚಿದ ಮೇಲೆ ಮೀಯಬೇಕಲ್ಲ ಅಮ್ಮಾ' ಅನ್ನುವುದು. ಅಷ್ಟೊತ್ತಿಗೆ ಅಜ್ಜಿಯೇ ಬಚ್ಚಲ ಕಡೆ ಹೊರಡುತ್ತಿದ್ದರು. ನೈಟಿ ಮೇಲೆಯೇ ನೀರು ಹೊಯ್ದು, ಟವೆಲ್ ಸುತ್ತಿ, ಒಳಗಿನಿಂದ ಒದ್ದೆ ನೈಟಿ ಜಾರಿಸುವುದು. ಕೂಗು ನಿಂತಿತು. ಜೀವಮಾನವೆಲ್ಲ ಸೀರೆ ಉಟ್ಟವಳಿಗೆ ನೈಟಿ ಹಾಕಿಸುವುದು ಮಂಜಣ್ಣನಿಗೆ ಹೊಟ್ಟೆ ಕಿವುಚಿದ ಹಾಗೆ ಆಯಿತು. ಹಬ್ಬದ ದಿನ ಮಾತ್ರ ಅಕ್ಕ ಬಂದು ಸೀರೆ ಉಡಿಸುತ್ತಾರೆ.

ಆಮೇಲೆ

ಹದಿನಾಲ್ಕು ತಿಂಗಳಾಗಿದೆ. ಅಂಗಡಿ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ತೆರೆದಿರುತ್ತದೆ. ಗಿರಾಕಿಗಳು ಅರ್ಧ ಮಂದಿ ಬೇರೆ ಅಂಗಡಿಗೆ ಹೋಗಿದ್ದಾರೆ, ಆ ನಷ್ಟ ತುಂಬಿಲ್ಲ. ಮಂಜಣ್ಣನ ಬಿಪಿ 140ರ ಆಸುಪಾಸು. ಅದೇ ಪ್ರಶ್ನಾವಳಿಯಲ್ಲಿ ಮೊನ್ನೆ 45 ಬಂತು. ಹೊರೆ ಹೋಗಿಲ್ಲ, ಇಳಿದಿದೆ. ರಾತ್ರಿಗಳು ಈಗಲೂ ಅವರೊಬ್ಬರದೇ. ಅಣ್ಣ ಎರಡು ತಿಂಗಳು ದುಡ್ಡು ಹಾಕಲು ತಡ ಮಾಡಿದರು, ಮಾತು ಬೆಳೆಯಿತು, ಮತ್ತೆ ಸರಿಹೋಯಿತು. ಅಜ್ಜಿ ಈಗ ಹೆಚ್ಚು ಹೊತ್ತು ಹಾಸಿಗೆಯಲ್ಲೇ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಗಾಳಿ ಹಾಸಿಗೆ ಅಣ್ಣ ಕಳಿಸಿದ್ದಾರೆ.

ನನ್ನ ಕೆಲಸದಲ್ಲೂ ಈ ಮನೆಯಿಂದ ಕೆಲವು ಬದಲಾಗಿವೆ. ಈಗ ಯಾವ ಮನೆಗೆ ಹೋದರೂ ರೋಗಿಯ ಜೊತೆಗೆ ನೋಡಿಕೊಳ್ಳುವವರ ಬಿಪಿಯನ್ನೂ ನೋಡುತ್ತೇನೆ. ಸ್ನಾನ ಯಾರು ಮಾಡಿಸುತ್ತಾರೆ ಅಂತ ಮೊದಲ ಭೇಟಿಯಲ್ಲೇ ಕೇಳುತ್ತೇನೆ, ನಾಲ್ಕನೇ ಭೇಟಿವರೆಗೆ ಕಾಯುವುದಿಲ್ಲ. ಮರೆವಿನವರನ್ನು ಮನೆಯಿಂದ ಮನೆಗೆ ಕಳಿಸಿ ಅಂತ ಹೇಳುವುದಿಲ್ಲ. ಅಣ್ಣ ತಮ್ಮಂದಿರಿಗೆ ಬುದ್ಧಿ ಹೇಳಲು ಹೋಗುವ ಬದಲು, ಒಂದು ದಿನದ ಲೆಕ್ಕ ಬರೆಸುತ್ತೇನೆ. ಎಲ್ಲ ಮನೆಯಲ್ಲೂ ಅದು ಫಲ ಕೊಟ್ಟಿಲ್ಲ. ಒಂದು ಮನೆಯಲ್ಲಿ ಪುಟ ನೋಡಿದ ಮಗ ಉತ್ತರವನ್ನೇ ಬರೆಯಲಿಲ್ಲ.

ಅಕ್ಕ ಮೊದಲ ಸಲ ಹತ್ತು ದಿನಕ್ಕೆ ಬಂದಾಗ ಮೂರನೇ ದಿನ ನನಗೆ ಫೋನ್ ಮಾಡಿದ್ದರು. 'ಸಿಸ್ಟರ್, ಇವನು ಇದನ್ನ ನಾಲ್ಕು ವರ್ಷ ಮಾಡಿದನಾ?' ಅಂತ ಕೇಳಿದರು. ನಾನು ಹೌದು ಅಂದೆ. ಅವರು ಫೋನ್ ಇಟ್ಟರು. ಅವತ್ತೇ ರಾತ್ರಿ ತಮ್ಮನನ್ನು ಪಕ್ಕದೂರಿನ ಆಟಕ್ಕೆ ಕಳಿಸಿದ್ದಾರೆ. ಒಂದು ಕಾಲಕ್ಕೆ ಮಂಜಣ್ಣ ಸುತ್ತಮುತ್ತ ಎಲ್ಲಿ ಯಕ್ಷಗಾನ ಇದ್ದರೂ ಬಿಡದೆ ಹೋಗುತ್ತಿದ್ದವರು.

ಮಾರನೇ ದಿನ ಹೋದಾಗ ಆಟ ಹೇಗಿತ್ತು ಅಂತ ಕೇಳಿದೆ. 'ಚೆಂಡೆ ಶುರುವಾಗಿದ್ದು ಗೊತ್ತು ಸಿಸ್ಟರ್. ಆಮೇಲೆ ಕುರ್ಚಿ ಎತ್ತುವ ಹುಡುಗರು ಎಬ್ಬಿಸಿದ್ದು ಗೊತ್ತು' ಅಂದರು. ಅಕ್ಕ ಮುಂದಿನ ಸಲ ಬರುವ ಹತ್ತು ದಿನಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ ಇಟ್ಟಿದ್ದರು. ಅದರಲ್ಲಿ ಒಂದು ದಿನದ ಕೆಳಗೆ ಪೆನ್ಸಿಲಿನಲ್ಲಿ ಮೇಳದ ಹೆಸರು ಬರೆದಿತ್ತು.